ಉರಿಮೂತ್ರದ ಮಾತ್ರೆಗೂ ಹಿಮ್ಮಡಿ ನೋವಿಗೂ ಏನ್ ಸಂಬಂಧ?

ಪ್ರಶ್ನೆ: ನಮ್ಮಪ್ಪಂಗೆ 67 ವರ್ಷ. ಚಳಿಜ್ವರ, ಉರಿಮೂತ್ರ ಅಂತ ಡಾಕ್ಟ್ರು ಸಿಪ್ರೊಫ್ಲಾಕ್ಸಾಸಿನ್ 500 ದಿನಕ್ಕೆ ಎರಡು ಬರ್ಕೊಟ್ಟಿದ್ರು. ನಾಲ್ಕನೇ ದಿನ ಮೆಟ್ಲು ಇಳಿಯೋವಾಗ ಎಡಗಾಲು ಹಿಮ್ಮಡಿ ಮೇಲೆ ನರ ಹಿಡ್ಕೊಂಡಂಗಾಗಿ ಈಗ ಕುಂಟ್ತಾ ಅದಾರೆ. ಮೆಡಿಕಲ್ ಶಾಪಿನೋರು ನೋವಿನ ಮಾತ್ರೆ ಕೊಟ್ಟು ಎಣ್ಣೆ ಹಚ್ಚಿ ತಿಕ್ಕಿ ಅಂದ್ರು. ಶುಗರ್‌ಗೆ ಗ್ಲಿಮಿಪಿರೈಡ್ ಐತೆ, ದಮ್ಮಿಗೆ ಆಗಾಗ ಸ್ಟೀರಾಯ್ಡ್ ತಗೋತಾರೆ. ಹೊಟ್ಟೆ ಉರೀಬಾರ್ದು ಅಂತ ಸಿಪ್ರೊನ ಹಾಲಿನ ಜೊತೆ ನುಂಗ್ತಾರೆ. ಸರಿನಾ?
– ವಿನೋಬನಗರ, ದಾವಣಗೆರೆ

ಉತ್ತರ: ನಿಮ್ಮ ಪತ್ರ ಸಿಕ್ಕ ದಿನವೇ ಫೋನ್ ಮಾಡಿ ಹೇಳಿದ್ದೆ, ಮುಂದಿನ ಮಾತ್ರೆ ನುಂಗೋ ಮೊದ್ಲು ಬರ್ಕೊಟ್ಟ ಡಾಕ್ಟ್ರಿಗೆ ತೋರಿಸಿ ಅಂತ. ಇಲ್ಲಿ ಬರೀತಿರೋದು ಉಳಿದೋರಿಗೆ.

ಅದು ನರ ಅಲ್ಲ. ಮೀನಖಂಡವನ್ನ ಹಿಮ್ಮಡಿ ಮೂಳೆಗೆ ಕಟ್ಟಿರೋ ಹಗ್ಗದಂಥ ಟೆಂಡನ್ನು. ಸಿಪ್ರೊ, ಲೀವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಎಲ್ಲಾ ಒಂದೇ ಮನೆತನ, ಈ ಮನೆತನದ ಮಾತ್ರೆಗಳು ಅಪರೂಪಕ್ಕೆ ಆ ಹಗ್ಗಾನ ಉಬ್ಬಿಸ್ತವೆ, ಕೆಲವೊಮ್ಮೆ ಕಿತ್ತೂ ಹಾಕ್ತವೆ, ಅದೂ ಮಾತ್ರೆ ಶುರು ಮಾಡಿದ ಎರಡು ದಿನದಲ್ಲೂ ಆಗ್ಬಹುದು, ನಿಲ್ಲಿಸಿ ತಿಂಗಳಾದ್ಮೇಲೂ ಆಗ್ಬಹುದು. 60 ದಾಟಿದೋರು, ಸ್ಟೀರಾಯ್ಡ್ ತಗೊಳ್ಳೋರಿಗೆ ಅಪಾಯ ಜಾಸ್ತಿ, ನಿಮ್ಮಪ್ಪ ಎರಡರಲ್ಲೂ ಬರ್ತಾರೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದ್ರೆ ಔಷಧಿಯ ಮಾಹಿತಿ ಚೀಟಿಲಿ ಹಾಕೋ ಅತಿ ಗಂಭೀರ ಎಚ್ಚರಿಕೆ, ಹಾಕಿಸ್ತು. ಹಂಗಾಗಿ ತಿಕ್ಕೋದು, ನಡೆದು ಸಡಿಲ ಮಾಡ್ಕೊಳ್ಳೋದು ಎರಡೂ ಬೇಡ, ಕಾಲಿಗೆ ರೆಸ್ಟ್ ಕೊಡಿ. ಫಟ್ ಅಂತ ಸದ್ದಾಗಿ ತುದಿಗಾಲಲ್ಲಿ ನಿಲ್ಲೋಕೆ ಆಗದೆ ಹೋದ್ರೆ ಸೀದಾ ಮೂಳೆ ಡಾಕ್ಟ್ರ ಹತ್ರ. ಆ ನೋವಿನ ಮಾತ್ರೆನೂ ಕೇಳದೆ ಬೇಡ, ಕೆಲವು ನೋವಿನ ಮಾತ್ರೆ ಸಿಪ್ರೊ ಜೊತೆ ಸೇರಿದ್ರೆ ಫಿಟ್ಸ್ ಬರೋ ಸಾಧ್ಯತೆ ಹೆಚ್ಚಾಗತ್ತೆ.

ಇದನ್ನ ಬರ್ಕೊಟ್ಟ ಡಾಕ್ಟ್ರು ತಪ್ಪು ಮಾಡಿದ್ರು ಅಂತ ನಾನು ಹೇಳಲ್ಲ. ಗಂಡಸರಲ್ಲಿ ಸೋಂಕು ಮೂತ್ರಚೀಲದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿಲೂ ಇರಬಹುದು, ಅದರೊಳಗೆ ಹೋಗಿ ಕೆಲಸ ಮಾಡೋ ಔಷಧಿ ಕಮ್ಮಿ, ಇದು ಹೋಗುತ್ತೆ. ಆದ್ರೆ ಸಾಧಾರಣ ಉರಿಮೂತ್ರ, ಸೈನಸ್, ಬ್ರಾಂಕೈಟಿಸ್‌ಗೆ ಬೇರೆ ದಾರಿ ಇದ್ರೆ ಇದನ್ನ ಕೊಡ್ಬೇಡಿ ಅಂತ ಎಫ್‌ಡಿಎನೇ 2016ರಲ್ಲಿ ಹೇಳಿದೆ. ಮಾತ್ರೆ ನಿಲ್ಲಿಸಿ ಸುಮ್ನೆ ಕೂತ್ಕೊಳ್ಳೋದೂ ಬೇಡ, ಸೋಂಕು ಇನ್ನೂ ಇರುತ್ತೆ, ಬದಲಿ ಔಷಧಿ ಕೇಳಿ.

ಹಾಲಿನ ವಿಷಯ. ಹಾಲಲ್ಲಿರೋ ಕ್ಯಾಲ್ಸಿಯಂ ಸಿಪ್ರೊನ ಹೊಟ್ಟೇಲೇ ಹಿಡ್ಕೊಂಡುಬಿಡುತ್ತೆ, ರಕ್ತಕ್ಕೆ ಹೋಗೋದು ಕಮ್ಮಿ. ಅಂದ್ರೆ ನಾಲ್ಕು ದಿನ ನುಂಗಿದ್ರಲ್ಲಿ ಒಂದಷ್ಟು ಮೋರಿಗೆ ಹೋದಂಗೇ. ನೀರಲ್ಲಿ ನುಂಗ್ಬೇಕು. ಕ್ಯಾಲ್ಸಿಯಂ, ಐರನ್ ಮಾತ್ರೆ, ಗ್ಯಾಸಿಗೆ ಕುಡಿಯೋ ಆಂಟಾಸಿಡ್ ಇದ್ರೆ ಸಿಪ್ರೊನ ಅವಕ್ಕಿಂತ 2 ಗಂಟೆ ಮುಂಚೆ ಇಲ್ಲಾ 6 ಗಂಟೆ ಆದ್ಮೇಲೆ ತಗೋಬೇಕು.

ಇನ್ನೊಂದು ನೀವು ಕೇಳದೆ ಇರೋದು. ಗ್ಲಿಮಿಪಿರೈಡ್ ಜೊತೆ ಇದು ಸೇರಿದ್ರೆ ಶುಗರ್ ಧಸಕ್ಕಂತ ಇಳಿಯೋ ಚಾನ್ಸ್ ಇದೆ. ಅಪ್ಪ ಬೆವರಿ ನಡುಗಿದ್ರೆ, ಏನೇನೋ ಮಾತಾಡಿದ್ರೆ ವಯಸ್ಸಾಯ್ತು ಬಿಡಿ ಅನ್ಬೇಡಿ, ಗ್ಲುಕೋಮೀಟರ್ ಹಿಡೀರಿ. ಮೀಟರ್ ಇಲ್ದಿದ್ರೆ ಮೊದ್ಲು ಸಕ್ಕರೆ ನೀರು ಕುಡಿಸಿ.

ಪ್ರಶ್ನೆ: ರಾತ್ರಿ ಮಿರ್ಚಿ ಮಂಡಕ್ಕಿ ತಿಂದು ಲೂಸ್ ಮೋಷನ್ ಆಯ್ತು, ಮನೇಲಿ ಉಳಿದಿದ್ದ ಆಫ್ಲಾಕ್ಸಾಸಿನ್-ಆರ್ನಿಡಜೋಲ್ ಎರಡು ನುಂಗಿದೆ, ನಿಂತೋಯ್ತು. ಇನ್ನು ಸ್ಟಾಕ್ ಇಟ್ಕೋಬಹುದಾ?
– ಚಿತ್ರದುರ್ಗ

ಉತ್ತರ: ಬೇಡ. ನುಂಗದಿದ್ರೂ ಬಹುಶಃ ನಿಲ್ತಿತ್ತು. ಇಂಥ ಭೇದಿ ಹೆಚ್ಚಿನವು ತಾವೇ ನಿಲ್ತವೆ, ಬೇಕಾಗಿರೋದು ಓಆರ್‌ಎಸ್, ದೊಡ್ಡ ಪೊಟ್ಟಣ ಒಂದಕ್ಕೆ ಸರಿಯಾಗಿ 1 ಲೀಟರ್ ನೀರು. ರಕ್ತ ಬಂದ್ರೆ, ಜೋರು ಜ್ವರ ಬಂದ್ರೆ ಡಾಕ್ಟ್ರು. ಮಂಡಕ್ಕಿ ಮೇಲೆ ತಪ್ಪು ಹೊರಿಸೋಕೆ ನಂಗೆ ಮನಸ್ಸಿಲ್ಲ, ನೀರು ಎಲ್ಲಿಂದ ಕುಡಿದ್ರಿ ನೋಡ್ಕೊಳ್ಳಿ.

ಪ್ರಶ್ನೆ: ಎರಡು ವಾರದಿಂದ ಕೆಮ್ಮು, ಲೀವೊಫ್ಲಾಕ್ಸಾಸಿನ್ ಒಂದ್ ಕೋರ್ಸ್ ತಗೊಳ್ಲಾ?
– ಹರಿಹರ

ಉತ್ತರ: ಕಫ ಪರೀಕ್ಷೆ ಮಾಡಿಸಿ ಮೊದ್ಲು, ಸರ್ಕಾರಿ ಆಸ್ಪತ್ರೇಲಿ ಫ್ರೀ. ಲೀವೊ ಟಿಬಿ ಕ್ರಿಮಿಗೂ ಹೊಡೆಯುತ್ತೆ, ಆದ್ರೆ ಒಂದೇ ತಗೊಂಡ್ರೆ ಪೂರ್ತಿ ಸಾಯಿಸಲ್ಲ. ಹತ್ತು ದಿನ ಕೆಮ್ಮು ತಗ್ಗುತ್ತೆ, ಟಿಬಿ ಮುಚ್ಚಿಹೋಗುತ್ತೆ, ಆಮೇಲೆ ಔಷಧಿಗೆ ಬಗ್ಗದ ಟಿಬಿ ಆಗಿ ಎದ್ರೆ ಅದಕ್ಕೆ ಬೇಕಾಗೋ ಔಷಧಿಗಳಲ್ಲಿ ಇದೇ ಲೀವೊ ಒಂದು, ಅದನ್ನ ನೀವು ಮೊದಲೇ ಹಾಳು ಮಾಡ್ಕೊಂಡಿರ್ತೀರಿ. ಲೀವೊ 2014ರಿಂದ ಶೆಡ್ಯೂಲ್ ಎಚ್1 ಅನ್ನೋ ಕಾನೂನಿನ ಪಟ್ಟೀಲಿದೆ, ಚೀಟಿ ಇಲ್ದೆ ಕೊಡಂಗಿಲ್ಲ, ಕೊಟ್ಟಿದ್ದನ್ನ ಅಂಗಡಿಯೋರು ಬೇರೆ ರಿಜಿಸ್ಟರಲ್ಲಿ ಬರೀಬೇಕು. ಕೇಳಿದ ತಕ್ಷಣ ಕೊಡೋ ಅಂಗಡಿ ನಿಮ್ಮ ಮನೆ ಪಕ್ಕಾನೇ ಇರಬಹುದು, ಇದ್ರೂ ಹೋಗ್ಬೇಡಿ.