ಲೆಕ್ಕಕ್ಕುಂಟು, ಆಟಕ್ಕಿಲ್ಲ

ಹಾಸನದಿಂದ ನಿವೃತ್ತ ಲೆಕ್ಕದ ಮೇಷ್ಟ್ರೊಬ್ಬರು ಬೇಸರದಲ್ಲಿ ಪತ್ರ ಬರೆದಿದ್ದಾರೆ. ಅವರ ಬಡಾವಣೆಯ ಖಾಲಿ ಜಾಗದಲ್ಲಿ ಪಾರ್ಕ್ ಆಗಬೇಕು. ಸಭೆಗೆ ಹೋದರೆ ಯಾರೋ ಹುಡುಗರು ಬೆಂಕಿಪೊಟ್ಟಣ, ಜೇಡಿಮಣ್ಣು, ಬಾಟಲಿ ಮುಚ್ಚಳ ಕೈಗಿಟ್ಟು 'ನಿಮ್ಮ ಪಾರ್ಕ್ ನೀವೇ ಕಟ್ಟಿ' ಅಂದರಂತೆ. ಮೇಷ್ಟ್ರು ಹತ್ತೇ ನಿಮಿಷಕ್ಕೆ ಎದ್ದು ಬಂದಿದ್ದಾರೆ. 'ಇದೇನು ಮಕ್ಕಳಾಟವೇ?' ಎಂದು ಕೇಳಿದ್ದಾರೆ.

ಮೇಷ್ಟ್ರೇ, ನಿಮ್ಮ ಸಿಟ್ಟಿಗೆ ಕಾರಣ ಇಲ್ಲ ಅನ್ನಲಾರೆ. ತೀರ್ಮಾನ ಮೊದಲೇ ಮಾಡಿಕೊಂಡು, ಜನರನ್ನು ಸುಮ್ನೆ ಆಡಿಸಿ, ಫೋಟೊ ತೆಗೆದುಕೊಂಡು ಹೋಗುವವರೂ ಇದ್ದಾರೆ. ಆದರೆ ನೀವು ಎದ್ದು ಬರಬಾರದಿತ್ತು.

ನಾನು ವರದಿಗಾರನಾಗಿದ್ದಾಗ ಮೂಡಿಗೆರೆ ಕಡೆ ಒಂದು ಹಳ್ಳಿಯಲ್ಲಿ ನೀರಿನ ಟ್ಯಾಂಕಿನ ಸಭೆ. ಒಂದು ಗಂಟೆ ನಾಲ್ಕೇ ಗಂಡಸರು ಮಾತಾಡಿದರು. ಆಮೇಲೆ ಯಾರೋ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯೋಣ ಅಂದರು. ಮನೆಗೆ ಹುಣಸೆಬೀಜ, ಬಾವಿಗೆ ಕಲ್ಲು, ಟ್ಯಾಂಕಿಗೆ ತೆಂಗಿನ ಚಿಪ್ಪು. ಅಲ್ಲಿವರೆಗೆ ಕಂಬಕ್ಕೊರಗಿ ಕೂತಿದ್ದ ಒಬ್ಬ ಅಜ್ಜಿ ಎದ್ದು ಬಂದರು. ಚಿಪ್ಪನ್ನು ಎತ್ತಿ ದಿಬ್ಬದ ಕಡೆ ಬೋರಲು ಹಾಕಿದರು. 'ಅಲ್ಲಿಟ್ರೆ ನಮ್ಮ ಕೇರಿಗೆ ನೀರು ಹತ್ತಲ್ಲ ಕಣಪ್ಪಾ.' ಇಂಜಿನಿಯರು ಕುರ್ಚಿ ಬಿಟ್ಟು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತರು. ಮೈಕ್ ಕೊಟ್ಟಿದ್ದರೆ ಆ ಅಜ್ಜಿ ಬಾಯಿ ಬಿಡುತ್ತಿದ್ದರೇ?

ಇದು ನಮಗೆ ಹೊಸದೂ ಅಲ್ಲ. ಮೈರಾಡದಂಥ ಗ್ರಾಮಾಭಿವೃದ್ಧಿ ಸಂಸ್ಥೆಗಳು 1990ರ ಸುಮಾರಿಗೇ ಕರ್ನಾಟಕದ ಹಳ್ಳಿಗಳಲ್ಲಿ ಹೀಗೆ ನೆಲದ ಮೇಲೆ ನಕ್ಷೆ ಬರೆಸುತ್ತಿದ್ದವು. ಕೊಲಂಬಿಯಾದ ಬೊಗೊಟಾ ನಗರಕ್ಕೆ 1995ರಲ್ಲಿ ಮೇಯರ್ ಆದ ಆಂಟಾನಸ್ ಮೊಕುಸ್ ಕೂಡ ಗಣಿತ ಕಲಿಸಿದವರೇ. ಟ್ರಾಫಿಕ್ ಸರಿಮಾಡಲು ಅವರು ಮೂಕಾಭಿನಯದ ಕಲಾವಿದರನ್ನು ರಸ್ತೆಗಿಳಿಸಿದರು. ನಿಯಮ ಮುರಿದವರನ್ನು ಈ ಕಲಾವಿದರು ನಡುರಸ್ತೆಯಲ್ಲೇ ಅಣಕಿಸುತ್ತಿದ್ದರು. ದಂಡಕ್ಕಿಂತ ನಾಲ್ಕು ಜನರ ನಗುವಿಗೆ ಮನುಷ್ಯ ಜಾಸ್ತಿ ಅಂಜುತ್ತಾನೆ ಎಂಬುದು ಅವರ ಲೆಕ್ಕ.

ಆಟದಲ್ಲಿ ಚಿಕ್ಕ ಮಕ್ಕಳನ್ನು 'ಆಟಕ್ಕುಂಟು ಲೆಕ್ಕಕ್ಕಿಲ್ಲ' ಅಂತ ಸೇರಿಸಿಕೊಳ್ಳುತ್ತೇವೆ, ಅಲ್ವಾ? ನಮ್ಮ ಸಭೆಗಳಲ್ಲಿ ಜನರ ಗತಿ ತಿರುಗಮುರುಗ. ಪುಸ್ತಕದಲ್ಲಿ ಸಹಿ ಬೇಕು, ಮಾತು ಬೇಡ. ವೇದಿಕೆ, ಹಾರ, ಶಾಲು, ಸ್ವಾಗತ ಭಾಷಣ ಮುಗಿಯುವಷ್ಟರಲ್ಲಿ ಊರಿಗೆ ಹೋಗುವ ಬಸ್ಸಿನ ಹೊತ್ತಾಗಿರುತ್ತದೆ. ಇದನ್ನು ನಾವು ಗಾಂಭೀರ್ಯ ಅನ್ನುತ್ತೇವೆ! ಈ ಅಭ್ಯಾಸ ಶುರುವಾಗುವುದೇ ಶಾಲೆಯಲ್ಲಿ. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಆಟದ ಪೀರಿಯಡ್. ಅದನ್ನು ಎಷ್ಟೋ ಸಲ ತೆಗೆದುಕೊಂಡವರು ಲೆಕ್ಕದ ಮೇಷ್ಟ್ರುಗಳೇ. ತಪ್ಪು ತಿಳಿಯಬೇಡಿ, ಪ್ರೀತಿಯಿಂದಲೇ ಹೇಳುತ್ತಿದ್ದೇನೆ.

ನಿಮ್ಮ ಮನೆಯವರು ಮಾತ್ರ ಕೊನೇವರೆಗೂ ಕೂತು, ಎರಡು ಬೆಂಕಿಪೊಟ್ಟಣ ಜೋಡಿಸಿ ಬೆಂಚು ಮಾಡಿಟ್ಟು ಬಂದರು ಎಂದು ಪತ್ರದಲ್ಲಿದೆ. ಆ ಬೆಂಚನ್ನು ಎಲ್ಲಿಟ್ಟರು, ಯಾಕೆ ಅಲ್ಲೇ ಇಟ್ಟರು ಎಂದು ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.

— ಸಂಪಾದಕ