ವಿಮ್ ಎಡಿಟರ್‌ನ ಸೋರ್ಸ್ ಕೋಡ್ ಎಲ್ಲಿಂದ ಓದಲಿ?

ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾ, ಕೀಬೋರ್ಡ್‌ನಲ್ಲೇ ಎಲ್ಲ ಕೆಲಸ ಮಾಡುವ ಟೆಕ್ಸ್ಟ್ ಎಡಿಟರ್ ವಿಮ್‌ನ ಕೋಡ್ ಇಳಿಸಿಕೊಂಡಿದ್ದೀರಿ, ಯಾವ ಫೈಲ್ ಮೊದಲು ಅಂತ ಕೇಳಿದ್ದೀರಿ. ಪ್ರೋಗ್ರಾಂ ಶುರುವಾಗುವ ‘ಮೇನ್.ಸಿ’ (main.c) ಫೈಲ್‌ನಿಂದ ಸಾಲಾಗಿ ಓದಬೇಡಿ, ಸುಮ್ನೆ ಸುಸ್ತಾಗುತ್ತದೆ. ಮೈಸೂರಿನ ದೇವರಾಜ ಮಾರ್ಕೆಟ್‌ಗೆ ವೀಳ್ಯದೆಲೆ ತರಲು ಹೋದವರು ಎಲ್ಲ ಅಂಗಡಿ ಸುತ್ತುವುದಿಲ್ಲ, ಅಲ್ವಾ?

ಒಂದು ಕೀಲಿಯ ಬೆನ್ನು ಹತ್ತಿ. ‘ಯು’ ಒತ್ತಿದರೆ ಮಾಡಿದ ಬದಲಾವಣೆ ವಾಪಸ್ ಹೋಗುತ್ತದೆ. ಕೀಲಿಗಳು ಅಕ್ಷರ ಬರೆಯದೆ ಕಮಾಂಡ್‌ಗಳಾಗಿ ಕೆಲಸ ಮಾಡುವ ನಾರ್ಮಲ್ ಮೋಡ್‌ನಲ್ಲಿ ಅವನ್ನು ನೋಡಿಕೊಳ್ಳುವುದು ‘ನಾರ್ಮಲ್.ಸಿ’. ಅಲ್ಲಿ ‘ಎನ್‌ವಿ_ಅನ್‌ಡೂ’ (nv_undo) ಫಂಕ್ಷನ್ ಹುಡುಕಿ. ಅದರ ಜಾಡು ಹಿಡಿದರೆ ‘ಅನ್‌ಡೂ.ಸಿ’ಗೆ ಹೋಗಿ ಮುಟ್ಟುತ್ತೀರಿ. ನಿಜವಾದ ಕೆಲಸ ಆಗುವುದು ಅಲ್ಲೇ. ಅಕ್ಷರ ಬರೆಯುವ ಇನ್ಸರ್ಟ್ ಮೋಡ್ ಬೇಕಿದ್ದರೆ ‘ಎಡಿಟ್.ಸಿ’, ‘:’ ಒತ್ತಿ ಕೊಡುವ ಕೋಲನ್ ಕಮಾಂಡ್‌ಗೆ ‘ಎಕ್ಸ್_ಡೂಸಿಎಂಡಿ.ಸಿ’ (ex_docmd.c).

ಯಾವ ಫಂಕ್ಷನ್ ಎಲ್ಲಿದೆ ಅಂತ ಪಟ್ಟಿ ಮಾಡುವ ಸಿಟ್ಯಾಗ್ಸ್ (ctags) ಟೂಲ್ ಹಾಕಿಕೊಂಡು, ಕೋಡ್ ಇರುವ ಎಸ್‌ಆರ್‌ಸಿ (src) ಫೋಲ್ಡರ್‌ನಲ್ಲಿ ‘ಮೇಕ್ ಟ್ಯಾಗ್ಸ್’ (make tags) ಕೊಡಿ. ಆಮೇಲೆ ವಿಮ್‌ನಲ್ಲಿ ಫಂಕ್ಷನ್ ಹೆಸರಿನ ಮೇಲೆ ಕಂಟ್ರೋಲ್ ಜೊತೆ ‘]’ ಒತ್ತಿದರೆ ಅದು ಬರೆದಿರುವ ಜಾಗಕ್ಕೇ ಹಾರುತ್ತೀರಿ, ಕಂಟ್ರೋಲ್-ಟಿ ಒತ್ತಿದರೆ ವಾಪಸ್. ಅದೇ ಫೋಲ್ಡರ್‌ನ ರೀಡ್‌ಮಿ ಜಾಸ್ತಿ ಉದ್ದ ಇಲ್ಲ, ಮೊದಲು ಅದನ್ನೇ ಓದಿ.