ಸೆಕೆಂಡ್ ಹ್ಯಾಂಡ್ ಕಾರು, ಕೂಲೆಂಟ್ ಕಡಿಮೆ ಆಗುತ್ತಲೇ ಇದೆ, ನೆಲದ ಮೇಲೆ ಮಾತ್ರ ಒಂದು ಹನಿಯೂ ಇಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದ ಹಾಗೆ ಹೀಗಿದೆ. ಮೂರು ವಾರದ ಹಿಂದೆ ಹತ್ತು ವರ್ಷ ಹಳೆಯ ಡೀಸೆಲ್ ಕಾರು ತಗೊಂಡಿದ್ದೀರಿ. ಇಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ನಾಲ್ಕೈದು ದಿನಕ್ಕೊಮ್ಮೆ ಬಾಟಲಿಯ ಮಿನಿಮಮ್ ಗೆರೆಗಿಂತ ಕೆಳಗಿಳಿಯುತ್ತಿದೆ. ಗಾಡಿ ನಿಲ್ಲಿಸಿದ ಜಾಗ ಒಣಗಿಯೇ ಇರುತ್ತದೆ. ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ "ಹೆಡ್ ಗ್ಯಾಸ್ಕೆಟ್ ಹೋಗಿದೆ, 35 ಸಾವಿರ ಆಗುತ್ತೆ" ಅಂದಿದ್ದಾರೆ. ಮಾರಿದವರು ಈಗ ಫೋನ್ ಎತ್ತುತ್ತಿಲ್ಲ.

ಆ 35 ಸಾವಿರವನ್ನು ಸದ್ಯಕ್ಕೆ ಜೇಬಲ್ಲೇ ಇಟ್ಟುಕೊಳ್ಳಿ. ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿನ ಮೇಲ್ಭಾಗಕ್ಕೂ ಕೆಳಭಾಗಕ್ಕೂ ನಡುವೆ ಕೂರುವ ಸೀಲ್, ಹೋಗಿರಲೂಬಹುದು, ಆದರೆ ಬಾನೆಟ್ ಎತ್ತಿ ನೋಡಿದ ಮಾತ್ರಕ್ಕೆ ಅದನ್ನು ಹೇಳಲು ಯಾರಿಗೂ ಬರುವುದಿಲ್ಲ. ಎಲ್ಲಿ ಸೋರುತ್ತಿದೆ ಅಂತ ಕಣ್ಣಾರೆ ಕಾಣುವ ತನಕ ಒಂದು ಪಾರ್ಟನ್ನೂ ಬದಲಿಸಬೇಡಿ. ಸರಿಯಾಗಿದ್ದ ರೇಡಿಯೇಟರನ್ನು ಕಿತ್ತು ಗುಜರಿಗೆ ಹಾಕಿಸಿ ಹೊಸದು ಕೂರಿಸಿಕೊಂಡವನು ನಾನು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮದು ಹಾಸನ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ನಿಮ್ಮದೇ ವಯಸ್ಸಿನ ಡೀಸೆಲ್ ಗಾಡಿ ತಂದೆ. ಗಾಡಿ ತಂದ ಮೇಲೆ ಧರ್ಮಸ್ಥಳಕ್ಕೆ ಹೋಗದಿದ್ದರೆ ಅಮ್ಮ ಬಿಡಬೇಕಲ್ಲ. ಹೋಗುವಾಗ ಇಳಿಜಾರು, ಏನೂ ಗೊತ್ತಾಗಲಿಲ್ಲ. ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಲು ಶುರು ಮಾಡಿದೆವು. ಮುಂದೆ ಗ್ಯಾಸ್ ಟ್ಯಾಂಕರುಗಳ ಸಾಲು, ನಮ್ಮದು ಸೆಕೆಂಡ್ ಗೇರು, ಎ.ಸಿ. ಬೇರೆ ಓಡುತ್ತಿದೆ. "ಯಾರೋ ಬೆಲ್ಲದ ಪಾಕ ತೆಗೀತಿದ್ದಾರೇನೋ, ವಾಸನೆ ಬರ್ತಿದೆ" ಅಂದರು ಅಮ್ಮ. ಕಾಡಿನ ಮಧ್ಯೆ ಯಾರು ಪಾಕ ತೆಗೆಯುತ್ತಾರೆ? ಬಿಸಿ ಕೂಲೆಂಟಿನ ವಾಸನೆ ಅದು. ನಾನು ಮೀಟರ್ ಕಡೆ ನೋಡುವಷ್ಟರಲ್ಲಿ ಮುಳ್ಳು ಮುಕ್ಕಾಲು ದಾಟಿತ್ತು.

ಪಕ್ಕಕ್ಕೆ ಹಾಕಿ ಬಾನೆಟ್ ಎತ್ತಿದೆ, ಬುಸ್ಸೆಂದು ಹಬೆ. ಬುದ್ಧಿ ಇಲ್ಲದೆ ಬಟ್ಟೆ ಹಿಡಿದು ಕ್ಯಾಪ್ ತಿರುಗಿಸಲು ಕೈ ಹಾಕಿದ್ದೆ. ಹಿಂದೆ ನಿಂತ ಲಾರಿಯ ಡ್ರೈವರ್ "ಸಾರ್, ಮುಟ್ಬೇಡಿ! ಮುಖ ಬೆಂದು ಹೋಗುತ್ತೆ" ಅಂತ ಕೂಗಿ ಓಡಿ ಬಂದರು. ಅವರು ಹೇಳಿದ್ದು ಸರಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, 120 ಡಿಗ್ರಿ ಹತ್ತಿರ ಹೋದರೂ ಕುದಿಯದೆ ಕೂತಿರುತ್ತದೆ. ಕ್ಯಾಪ್ ಸಡಿಲವಾಗಿ ಒತ್ತಡ ಇಳಿದ ಕ್ಷಣ ಅಷ್ಟೂ ಒಂದೇ ಸಲ ಕುದ್ದು ಮೇಲಕ್ಕೆ ಎರಚುತ್ತದೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಅವರ ಕ್ಲೀನರ್ ಹುಡುಗ ಕೆಂಪುಹೊಳೆಗೆ ಇಳಿದು ಆಯಿಲ್ ಕ್ಯಾನಲ್ಲಿ ನೀರು ತಂದ. ಹೆಚ್ಚುಕಮ್ಮಿ ಮೂರು ಲೀಟರ್ ಕುಡಿಯಿತು ಗಾಡಿ! ಅಂದರೆ ಅರ್ಧದಷ್ಟು ಖಾಲಿಯಾಗಿಯೇ ಘಾಟಿ ಹತ್ತುತ್ತಿದ್ದೆವು.

ಹೊರಡುವಾಗ ಡ್ರೈವರ್ "ಸಕಲೇಶಪುರದಲ್ಲಿ ನೂರು ಗ್ರಾಂ ಅರಿಶಿನ ತಗೊಂಡು ರೇಡಿಯೇಟರ್‌ಗೆ ಹಾಕಿ, ಲೀಕ್ ನಿಂತು ಹೋಗುತ್ತೆ" ಅಂದರು. ನಿಮಗೂ ಯಾರಾದರೂ ಹೇಳಿಯೇ ಹೇಳುತ್ತಾರೆ. ಸುಳ್ಳಲ್ಲ, ಪುಡಿ ಹೋಗಿ ಸಣ್ಣ ತೂತಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಹಳೆಯ ಲಾರಿಗಳ ದಪ್ಪ ತಾಮ್ರದ ರೇಡಿಯೇಟರಿನಲ್ಲಿ ಎಷ್ಟೋ ಜನ ಊರು ಸೇರಿದ್ದು ಹೀಗೆಯೇ. ಆದರೆ ಈಗಿನ ಕಾರುಗಳ ಅಲ್ಯೂಮಿನಿಯಂ ಕೊಳವೆಗಳು ತೀರಾ ಸಪೂರ, ಹೀಟರ್ ಒಳಗಿನವು ಇನ್ನೂ ಸಪೂರ. ತೂತು ಮುಚ್ಚುವ ಪುಡಿಗೆ ಯಾವುದು ತೂತು, ಯಾವುದು ದಾರಿ ಅಂತ ಗೊತ್ತಾಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಲೀಕ್ ನಿಲ್ಲಿಸುವ ಡಬ್ಬಿಗಳ ಕಥೆಯೂ ಇದೇ.

ಊರಿಗೆ ಬಂದು ಮೆಕ್ಯಾನಿಕ್‌ಗೆ ತೋರಿಸಿದರೆ, ರೇಡಿಯೇಟರ್ ಅಂಚಿನಲ್ಲಿ ಬಿಳಿ ಕಲೆ ಇದೆ, ಇದೇ ಲೀಕು ಅಂದರು. 7,500 ಕೊಟ್ಟು ಹೊಸದು ಹಾಕಿಸಿದೆ. ಹತ್ತು ದಿನಕ್ಕೆ ಬಾಟಲಿ ಮತ್ತೆ ಖಾಲಿ. ಕಲೆ ಎಂದೋ ಹಳೆಯದು.

ಕೊನೆಗೆ ರೇಡಿಯೇಟರ್ ಕೆಲಸವನ್ನಷ್ಟೇ ಮಾಡುವ ಒಬ್ಬ ಭಾಯ್ ಹತ್ತಿರ ಹೋದೆ. ಅವರು ಇಂಜಿನ್ ಪೂರ್ತಿ ತಣ್ಣಗಾಗಲಿ ಅಂತ ಗಾಡಿಯನ್ನು ರಾತ್ರಿ ಅಲ್ಲೇ ಬಿಡಿಸಿಕೊಂಡರು. ಬೆಳಗ್ಗೆ ಕ್ಯಾಪ್ ತೆಗೆದು ಆ ಜಾಗಕ್ಕೆ ಒಂದು ಕೈಪಂಪು ಸಿಕ್ಕಿಸಿ, ಮೀಟರ್ ನೋಡುತ್ತಾ 15 ಪಿ.ಎಸ್.ಐ. ತನಕ ಗಾಳಿ ಹೊಡೆದರು. ಸೈಕಲ್ಲಿಗೆ ಗಾಳಿ ಹೊಡೆದ ಹಾಗೆಯೇ. ಐದು ನಿಮಿಷ ಏನೂ ಇಲ್ಲ, ಮುಳ್ಳು ಮಾತ್ರ ನಿಧಾನಕ್ಕೆ ಇಳಿಯುತ್ತಿತ್ತು. ಟಾರ್ಚ್ ಬಿಟ್ಟು, ಹಲ್ಲಿನ ಡಾಕ್ಟರ ಬಳಿ ಇರುವಂಥ ಸಣ್ಣ ಕನ್ನಡಿ ಒಳಗೆ ತೂರಿಸಿ "ಬನ್ನಿ ನೋಡಿ" ಅಂದರು. ವಾಟರ್ ಪಂಪಿನ ಹೊಟ್ಟೆಯ ಕೆಳಗಿನ ಸೂಜಿ ತೂತಿನಿಂದ ಗುಲಾಬಿ ಬಣ್ಣದ ನೀರು ದಾರದಷ್ಟು ಸಣ್ಣಗೆ ಇಳಿಯುತ್ತಿತ್ತು. ಆ ತೂತು ಒಡಕಲ್ಲ, ಕಂಪನಿಯವರೇ ಬಿಟ್ಟಿರುವುದು. ಒಳಗಿನ ಸೀಲ್ ಸವೆದರೆ ನೀರು ಬೇರಿಂಗಿಗೆ ಹೋಗದೆ ಹೊರಗೆ ಬಂದು ಸುದ್ದಿ ಕೊಡಲಿ ಅಂತ.

ಹಾಗಾದರೆ ಇಷ್ಟು ದಿನ ನೆಲಕ್ಕೆ ಯಾಕೆ ಬೀಳಲಿಲ್ಲ? ಇಂಜಿನ್ ಓಡುವಾಗ, ಒತ್ತಡ ಏರಿದಾಗ ಮಾತ್ರ ಅದು ಸೋರುತ್ತಿತ್ತು. ಸೋರಿದ್ದು ಬಿಸಿ ಕಬ್ಬಿಣದ ಮೇಲೆ ಬಿದ್ದು ಅಲ್ಲೇ ಆವಿ. ಉಳಿದದ್ದು ಇಂಜಿನ್ ಕೆಳಗಿನ ಪ್ಲಾಸ್ಟಿಕ್ ತಟ್ಟೆಯಲ್ಲಿ ನಿಂತು ಒಣಗುತ್ತಿತ್ತು. ನಿಮ್ಮ ಗಾಡಿಯ ಒಣನೆಲಕ್ಕೂ ಇದೇ ಕಾರಣ ಇರಬಹುದು ಅಂತ ನನ್ನ ಗುಮಾನಿ.

ಪಂಪು, ಟೈಮಿಂಗ್ ಬೆಲ್ಟು, ಲೇಬರ್ ಎಲ್ಲ ಸೇರಿ 9,000 ಚಿಲ್ಲರೆ ಆಯಿತು. ಬೆಲ್ಟು ಯಾಕೆ ಅಂದರೆ, ನನ್ನ ಗಾಡಿಯಲ್ಲಿ ಪಂಪನ್ನು ತಿರುಗಿಸುವುದೇ ಅದು. ಹೇಗೂ ಅದನ್ನೆಲ್ಲ ಬಿಚ್ಚಲೇಬೇಕು, ಹಳೇ ಬೆಲ್ಟನ್ನೇ ಮತ್ತೆ ಹಾಕುವುದು ಜಿಪುಣತನವಲ್ಲ, ಹುಚ್ಚು. ನಿಮ್ಮದು ಟೈಮಿಂಗ್ ಚೈನ್ ಇರುವ ಇಂಜಿನ್ ಆದರೆ ಈ ಮಾತು ಬೇಡ.

ಭಾಯ್ ಇನ್ನೊಂದು ಕಂಡುಹಿಡಿದರು. ಗಾಡಿಯಲ್ಲಿ ಥರ್ಮೋಸ್ಟಾಟೇ ಇರಲಿಲ್ಲ! ಇಂಜಿನ್ ಬಿಸಿಯಾಗುವ ತನಕ ಕೂಲೆಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಅದು. ಯಾರೋ ಕಿತ್ತು ಹಾಕಿದ್ದರು. "ಅದು ನಮ್ಮ ದೇಶದ ಬಿಸಿಲಿಗೆ ಬೇಕಿಲ್ಲ" ಅನ್ನುವ ಮೇಸ್ತ್ರಿಗಳು ಈಗಲೂ ಇದ್ದಾರೆ. ಅದಿಲ್ಲದಿದ್ದರೆ ಊರೊಳಗೆ ಓಡಿಸಿದಾಗ ಇಂಜಿನ್ ಬೇಗ ಬಿಸಿಯಾಗುವುದಿಲ್ಲ, ಟೆಸ್ಟ್ ಡ್ರೈವಿನಲ್ಲಿ ಮುಳ್ಳು ಸಾಧುವಾಗಿ ಕೂತಿರುತ್ತದೆ, ಡೀಸೆಲ್ ಮಾತ್ರ ಜಾಸ್ತಿ ಕುಡಿಯುತ್ತದೆ. ನಿಮ್ಮದರಲ್ಲಿ ಇದೆಯೋ ಇಲ್ಲವೋ ಮನೆಯಲ್ಲೇ ನೋಡಬಹುದು. ಬೆಳಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಫ್ಯಾನಿಗೆ, ಬೆಲ್ಟಿಗೆ ಕೈ ತಾಗದಂತೆ ಎಚ್ಚರವಾಗಿ ರೇಡಿಯೇಟರಿನ ಮೇಲಿನ ಪೈಪನ್ನು ಆಗಾಗ ಮುಟ್ಟಿ ನೋಡಿ. ಸಾಮಾನ್ಯವಾಗಿ ಅದು ಹಲವು ನಿಮಿಷ ತಣ್ಣಗಿದ್ದು, ಇಂಜಿನ್ 82-88 ಡಿಗ್ರಿಗೆ ಬಂದ ಮೇಲೆ ಗಬಕ್ಕನೆ ಬಿಸಿಯಾಗಬೇಕು. ಮೊದಲ ನಿಮಿಷದಿಂದಲೇ ಸ್ವಲ್ಪ ಸ್ವಲ್ಪವಾಗಿ ಬೆಚ್ಚಗಾಗುತ್ತಾ ಬಂದರೆ ಥರ್ಮೋಸ್ಟಾಟ್ ಇಲ್ಲ, ಇಲ್ಲವೇ ತೆರೆದೇ ಸಿಕ್ಕಿಕೊಂಡಿದೆ.

ಈಗ ನಿಮ್ಮ ಕೆಲಸ. ನಾಳೆ ಬೆಳಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟಾದ ಜಾಗದಲ್ಲಿ, ಬಾಟಲಿಯ ಮೇಲೆ ಮಟ್ಟ ಎಲ್ಲಿದೆಯೋ ಅಲ್ಲಿ ಮಾರ್ಕರಿನಲ್ಲಿ ಗೆರೆ ಎಳೆಯಿರಿ. ಅದರದ್ದೂ ಓಡೋಮೀಟರಿನದ್ದೂ ಫೋಟೋ ತೆಗೆಯಿರಿ. ಬಿಸಿಯಿದ್ದಾಗ ಮಟ್ಟ ಏರುತ್ತದೆ, ಆದ್ದರಿಂದ ದಿನಾ ಬೆಳಗ್ಗೆಯೇ ನೋಡಬೇಕು. ನೂರು ಕಿಲೋಮೀಟರಿಗೆ ಎಷ್ಟು ಹೋಗುತ್ತಿದೆ ಅನ್ನುವುದು ಗೊತ್ತಾದರೆ ಮೆಕ್ಯಾನಿಕ್ ಜೊತೆ ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಸಾಧ್ಯವಾದರೆ ಕೆಳಗಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚಿಸಿ, ರಾತ್ರಿ ಇಂಜಿನ್ ಕೆಳಗೆ ಹಳೆಯ ರಟ್ಟು ಹಾಸಿ. ಎ.ಸಿ. ಹಾಕಿದ್ದಾಗ ಎಡಗಡೆ ಬೀಳುವ ಬಣ್ಣವಿಲ್ಲದ, ವಾಸನೆಯಿಲ್ಲದ ನೀರನ್ನು ಕಂಡು ಗಾಬರಿಯಾಗಬೇಡಿ, ಅದು ಬೀಳಲೇಬೇಕು.

ಕಣ್ಣಿಗೆ ಬೇಕಾದ್ದು ಒದ್ದೆಯಲ್ಲ, ಒಣಗಿದ ಕಲೆ. ಹೋಸ್ ಪೈಪ್ ಕ್ಲಿಪ್ಪುಗಳ ಸುತ್ತ, ರೇಡಿಯೇಟರಿನ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಮ್ಮೂ ಕೂಡುವ ಅಂಚಿನಲ್ಲಿ, ಥರ್ಮೋಸ್ಟಾಟ್ ಕೂರುವ ಜಾಗದಲ್ಲಿ, ಪಂಪಿನ ಕೆಳಗೆ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಹಕ್ಕಳೆ ಹುಡುಕಿ. ನನ್ನ ಹಾಗೆ ಮೊದಲು ಕಂಡ ಕಲೆಯನ್ನೇ ನಂಬಬೇಡಿ. ಒರೆಸಿ ಬಿಡಿ, ಮತ್ತೆ ಬಂದರೆ ಅದು ಹೊಸದು. ಮುಂದಿನ ಎಡ ಸೀಟಿನ ಕಾಲ ಕೆಳಗಿನ ಕಾರ್ಪೆಟ್ ಎತ್ತಿ ಮುಟ್ಟಿ ನೋಡಿ. ಜಿಗುಟಾಗಿದ್ದು, ಗಾಜಿನ ಒಳಮೈಗೆ ಎಣ್ಣೆ ಮಂಜು ಕಟ್ಟುತ್ತಿದ್ದರೆ ಸೋರುತ್ತಿರುವುದು ಡ್ಯಾಶ್‌ಬೋರ್ಡ್ ಒಳಗಿನ ಹೀಟರ್.

ಪಾರ್ಟ್ ಬದಲಿಸಬೇಡಿ ಅಂದೆನಲ್ಲ, ಅದಕ್ಕೆ ಒಂದೇ ಒಂದು ವಿನಾಯಿತಿ: ಕ್ಯಾಪ್. ಕೆಲವು ನೂರು ರೂಪಾಯಿಯ ಸಾಮಾನು. ಅದರ ಮೇಲೆ 0.9, 1.1 ಹೀಗೆ ಒಂದು ಸಂಖ್ಯೆ ಇರುತ್ತದೆ, ಅಷ್ಟು ಬಾರ್ ಒತ್ತಡ ತಡೆಯುತ್ತದೆ ಅಂತ ಅರ್ಥ. ನಿಮ್ಮ ಗಾಡಿಗೆ ಹೇಳಿರುವ ಸಂಖ್ಯೆಯದ್ದೇ ತನ್ನಿ. ಕ್ಯಾಪಿನ ರಬ್ಬರ್ ಗಟ್ಟಿಯಾಗಿ ಒತ್ತಡ ನಿಲ್ಲದಿದ್ದರೆ ಕೂಲೆಂಟ್ ಸುಮ್ಮನೆ ಉಕ್ಕಿ ಹೋಗುತ್ತಿರುತ್ತದೆ, ಎಲ್ಲೂ ತೂತಿಲ್ಲದೆಯೂ! ಕ್ಯಾಪ್ ರೇಡಿಯೇಟರಿನ ಮೇಲೆ ಇದ್ದು ಬಾಟಲಿ ಬೇರೆ ಇರುವ ಗಾಡಿಗಳಲ್ಲಿ ಇನ್ನೊಂದು ಮೋಸವಿದೆ. ಕ್ಯಾಪ್ ಕೆಟ್ಟರೆ ಬಾಟಲಿಯ ನೀರನ್ನು ರೇಡಿಯೇಟರ್ ವಾಪಸ್ ಎಳೆದುಕೊಳ್ಳುವುದಿಲ್ಲ. ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ. ಹಾಗಾಗಿ ತಣ್ಣಗಿರುವಾಗ ಎರಡನ್ನೂ ನೋಡಿ.

ಆಮೇಲೆ ಪ್ರೆಶರ್ ಟೆಸ್ಟ್. ನನಗೆ 300 ರೂಪಾಯಿ ತಗೊಂಡರು. ಮುಳ್ಳು ಇಳಿಯುತ್ತಿದೆ, ಹೊರಗೆಲ್ಲೂ ಹನಿ ಕಾಣುತ್ತಿಲ್ಲ ಅಂದರೆ ಮಾತ್ರ ಹೆಡ್ ಗ್ಯಾಸ್ಕೆಟ್ ವಿಷಯಕ್ಕೆ ಬನ್ನಿ. ಅದಕ್ಕೂ ಪರೀಕ್ಷೆ ಇದೆ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಒಂದು ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಅದರ ಮೂಲಕ ಎಳೆಯುತ್ತಾರೆ. ಉರಿದ ಹೊಗೆ ಕೂಲೆಂಟಿಗೆ ಸೇರುತ್ತಿದ್ದರೆ ಬಣ್ಣ ಹಳದಿ ಅಥವಾ ಹಸಿರಿಗೆ ತಿರುಗುತ್ತದೆ. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿದ ಒಂದೆರಡು ನಿಮಿಷಕ್ಕೇ ಮೇಲಿನ ಪೈಪು ಕಲ್ಲಿನ ಹಾಗೆ ಗಟ್ಟಿಯಾದರೂ ಅನುಮಾನ ಪಡಬೇಕು. ಆಯಿಲ್ ಕ್ಯಾಪ್ ಅಡಿ ಬೆಣ್ಣೆಯಂಥದ್ದು ಕಂಡ ಕೂಡಲೇ ತೀರ್ಪು ಕೊಡುವವರಿದ್ದಾರೆ. ಮಡಿಕೇರಿ, ಸಕಲೇಶಪುರದ ಮಳೆಗಾಲದಲ್ಲಿ ದಿನಾ ಎರಡು ಕಿಲೋಮೀಟರ್ ಓಡುವ ಒಳ್ಳೇ ಗಾಡಿಯಲ್ಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿ, ಅದರಲ್ಲೂ ಆಯಿಲ್ ಹಾಲು ಬೆರೆಸಿದ ಕಾಫಿಯಂತಿದ್ದರೆ ಆಗ ಗಂಭೀರ. ಡೀಸೆಲ್ ಆದ್ದರಿಂದ ಇಜಿಆರ್ ಕೂಲರನ್ನೂ (ಉರಿದ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಮುಂಚೆ ಕೂಲೆಂಟಿನಿಂದ ತಣಿಸುವ ಭಾಗ) ನೋಡಲು ಹೇಳಿ. ಅದು ಒಳಗೆ ಸೋರಿದರೆ ಕೂಲೆಂಟ್ ಸೈಲೆನ್ಸರಿನಿಂದ ಬಿಳಿ ಹೊಗೆಯಾಗಿ ಹೋಗುತ್ತದೆ, ಲಕ್ಷಣ ಥೇಟ್ ಹೆಡ್ ಗ್ಯಾಸ್ಕೆಟ್ಟಿನದ್ದೇ.

ಅಲ್ಲಿಯ ತನಕ ಘಾಟಿ ರಸ್ತೆ ಬೇಡ. ಊರೊಳಗೆ ಓಡಿಸುವಾಗ ಮುಳ್ಳು ನಡು ಬಿಟ್ಟು ಮೇಲೇರಿದರೆ ಎ.ಸಿ. ನಿಲ್ಲಿಸಿ, ಹೀಟರ್ ಪೂರ್ತಿ ಹಾಕಿ, ಜಾಗ ಸಿಕ್ಕಲ್ಲಿ ನಿಲ್ಲಿಸಿ. ಬೆವರು ಕಿತ್ತು ಬರುತ್ತದೆ, ಆದರೆ ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಮುಳ್ಳನ್ನು ಪೂರ್ತಿ ನಂಬಬೇಡಿ. ಎಷ್ಟೋ ಕಾರುಗಳಲ್ಲಿ ಇಂಜಿನ್ ಸ್ವಲ್ಪ ಏರಿಳಿದರೂ ಮುಳ್ಳು ಅಲುಗದಂತೆ ಮಾಡಿರುತ್ತಾರೆ. ಕೂಲೆಂಟ್ ತೀರಾ ಕಡಿಮೆಯಾದರೆ ಸೆನ್ಸರ್ ನೀರಿನ ಬದಲು ಗಾಳಿಯಲ್ಲಿ ನಿಂತು ಸುಳ್ಳೂ ಹೇಳುತ್ತದೆ. ಸ್ಟಿಯರಿಂಗ್ ಕೆಳಗಿನ ಓಬಿಡಿ ಪೋರ್ಟಿಗೆ (ಗಾಡಿಯ ಕಂಪ್ಯೂಟರಿನ ಮಾಹಿತಿ ಓದುವ ಕಿಂಡಿ) ಹಾಕುವ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತದೆ, ಮೊಬೈಲಿನಲ್ಲಿ ಡಿಗ್ರಿ ಲೆಕ್ಕದಲ್ಲೇ ತೋರಿಸುತ್ತದೆ. 85ರಿಂದ 100 ನೆಮ್ಮದಿ, 110 ದಾಟಿದರೆ ನಿಲ್ಲಿಸಿ.

ಮಾರಿದವರ ವಿಷಯ. ಅವರು ವ್ಯಾಪಾರಕ್ಕೆ ಕೂತ ಡೀಲರ್ ಆದರೆ ನಿಮಗೆ ಹಿಡಿತ ಇದೆ, ಸ್ವಂತ ಗಾಡಿ ಮಾರಿದ ಯಾರೋ ಒಬ್ಬರಾದರೆ ಬಹಳ ಕಷ್ಟ. ಫೋನ್ ಬಿಡಿ, ಬರಹದಲ್ಲಿ ಕೇಳಿ. ಗೆರೆಯ ಫೋಟೋಗಳು, ಟೆಸ್ಟ್ ಮಾಡಿದ ಗ್ಯಾರೇಜಿನ ಬಿಲ್ಲು, ಕೊಂಡಾಗ ಕೊಟ್ಟ ವಾರಂಟಿ ಕಾಗದ ಎಲ್ಲ ಸೇರಿಸಿ ವಾಟ್ಸಾಪ್, ಇಮೇಲ್ ಎರಡಕ್ಕೂ ಹಾಕಿ. ರಿಪೇರಿಗೆ ಮುಂಚೆಯೇ ಹಾಕಿ, ಆಮೇಲೆ ಕೇಳಿದರೆ "ನಮಗೆ ತೋರಿಸಲೇ ಇಲ್ಲವಲ್ಲ" ಅನ್ನುತ್ತಾರೆ. ನಮ್ಮ ಡೀಲರ್ "ಹಳೇ ಗಾಡಿ ಅಂದ್ರೆ ಇದೆಲ್ಲ ಇರೋದೇ ಸಾರ್" ಅಂದವರು, ಇವನ್ನೆಲ್ಲ ನೋಡಿದ ಮೇಲೆ ಪಂಪಿನ ಖರ್ಚಲ್ಲಿ ಅರ್ಧ ಕೊಟ್ಟರು. ರೇಡಿಯೇಟರಿನದ್ದು ಕೊಡಲಿಲ್ಲ, ಅದು ನನ್ನದೇ ದಡ್ಡತನ, ಕೇಳಲೂ ಇಲ್ಲ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ, ಅದರಾಚೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇನ್ಶೂರೆನ್ಸ್ ಇದಕ್ಕೆ ಬರುವುದಿಲ್ಲ, ಆದರೂ ಅದು ನಿಮ್ಮ ಹೆಸರಿಗೆ ಆಗಿದೆಯಾ ನೋಡಿ. ಗಾಡಿ ಕೊಂಡ 14 ದಿನದೊಳಗೆ ಅರ್ಜಿ ಹಾಕಬೇಕಿತ್ತು.

ರಿಪೇರಿ ಆದ ಮೇಲೆ ಹಳೆಯದನ್ನೆಲ್ಲ ಇಳಿಸಿ, ಒಳಗೆ ತೊಳೆಸಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿರುವ ಕೂಲೆಂಟನ್ನೇ ತುಂಬಿಸಿ. ಬಣ್ಣ ನೋಡಿ ತರಬೇಡಿ, ಬೇರೆ ಬೇರೆ ಜಾತಿಯವು ಬೆರೆತರೆ ಕೆಲವು ಗಂಜಿಯಾಗುತ್ತವೆ. ನೀರು ಬೆರೆಸುವಂಥದ್ದಾದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ. ನಮ್ಮ ಕಡೆಯ ಬೋರ್‌ವೆಲ್ ನೀರು ಸ್ನಾನದ ಗೀಸರಿಗೆ ಏನು ಮಾಡುತ್ತದೋ ಇಂಜಿನ್ನಿಗೂ ಅದನ್ನೇ ಮಾಡುತ್ತದೆ. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಏರ್ ಲಾಕ್ ತೆಗೆಸುವುದನ್ನು ಮರೆಯಬೇಡಿ. ಇಳಿಸಿದ ಹಳೆಯ ಕೂಲೆಂಟನ್ನು ಮಾತ್ರ ತಟ್ಟೆಯಲ್ಲಿ ತೆರೆದಿಡಬೇಡಿ, ಚರಂಡಿಗೂ ಸುರಿಯಬೇಡಿ. ಸಿಹಿಯಾಗಿರುತ್ತದೆ, ಬೀದಿನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಸಾಕು, ಕಿಡ್ನಿ ಹೋಗಿ ಸಾಯುತ್ತವೆ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಗ್ಯಾರೇಜಿನವರ ಕೈಗೇ ಕೊಟ್ಟು ಬನ್ನಿ.